ಬಾಗಿಲು ಹಾಕಿಕೊಂಡ ಇಪ್ಪತ್ತು ನಿಮಿಷ

ನಮ್ಮತ್ತೆ ದಿನಕ್ಕೆ ಎಷ್ಟು ಸಲ ಕರೀತಾರೆ ಅಂತ ಒಂದು ವಾರ ಲೆಕ್ಕ ಇಟ್ಟಿದ್ದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನವನ ಲೆಕ್ಕದ ಪಕ್ಕದಲ್ಲೇ, ಪೆನ್ಸಿಲ್ಲಿನಲ್ಲಿ ಗೀಟು ಹಾಕ್ತಾ ಹೋದೆ. ಯಾಕೆ ಅಂತ ಆಮೇಲೆ ಹೇಳ್ತೀನಿ. ಅದಕ್ಕೆ ಮುಂಚೆ ನನ್ನ ಪ್ರಾರ್ಥನೆಯ ಕಥೆ ಹೇಳಬೇಕು. ಅದೇನೂ ದೊಡ್ಡ ಭಕ್ತಿಯ ಕಥೆ ಅಲ್ಲ.

ನಾವು ಸಿ.ಎಸ್.ಐ. ಸಭೆಯವರು. ಮದುವೆಯಾಗಿ ನಿಟ್ಟೂರಿಗೆ ಬಂದಾಗ ಈ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ಆಗಲೇಬೇಕಿತ್ತು. ಒಂದು ಹಾಡು, ಸತ್ಯವೇದದಿಂದ ಒಂದು ಅಧ್ಯಾಯ, ಆಮೇಲೆ ಅತ್ತೆಯ ಪ್ರಾರ್ಥನೆ. ಅವರ ಪ್ರಾರ್ಥನೆಯಲ್ಲಿ ಊರಿನ ಕೆರೆಯಿಂದ ಹಿಡಿದು ನೆಂಟರ ಮಕ್ಕಳ ಪರೀಕ್ಷೆಯವರೆಗೆ ಎಲ್ಲವೂ ಬರಬೇಕು. ಅಷ್ಟರಲ್ಲಿ ಸಾರು ಆರಿ ಹೋಗಿರುತ್ತಿತ್ತು. ಅದಲ್ಲದೆ ಅವರದೇ ಇನ್ನೊಂದು ಇತ್ತು. ಬೆಳಗಿನ ಜಾವ, ಯಾರೂ ಏಳುವ ಮುಂಚೆ, ನಡುಮನೆಯ ಮೂಲೆಯಲ್ಲಿ ತೆಂಗಿನಕಾಯಿ ರಾಶಿಯ ಪಕ್ಕ ಚಾಪೆ ಹಾಕಿಕೊಂಡು ತಲೆ ಮೇಲೆ ಸೆರಗು ಹೊದ್ದು ಕೂರುವುದು. ಏನು ಹೇಳ್ತಿದ್ದರೋ ಕೇಳ್ತಿರಲಿಲ್ಲ. ತುಟಿ ಮಾತ್ರ ಅಲ್ಲಾಡೋದು. ‘ಏನತ್ತೆ ಅಷ್ಟೊತ್ತು ಕೇಳ್ತೀರಾ ದೇವರ ಹತ್ರ?’ ಅಂತ ಒಂದ್ಸಲ ತಮಾಷೆ ಮಾಡಿದ್ದಕ್ಕೆ, ‘ಎಲ್ಲಾ ಕೇಳಿ ಮುಗಿದೈತೆ ಕಣವ್ವಾ, ಸುಮ್ನೆ ಕೂತಿರ್ತೀನಿ’ ಅಂದಿದ್ದರು.

ನನಗೆ ಆ ಅಭ್ಯಾಸ ಬರಲಿಲ್ಲ. ಗುಬ್ಬಿಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡ್ತಿದ್ದೆ. ಬೆಳಿಗ್ಗೆ ಎದ್ದರೆ ಡಬ್ಬಿ, ಮಕ್ಕಳು, ಬಸ್ಸು. ಭಾನುವಾರ ದೇವಾಲಯಕ್ಕೆ ಹೋದರೆ ವಾರದ ಬಾಕಿ ತೀರಿತು ಅಂತ ನನ್ನ ಲೆಕ್ಕ. ಅದಕ್ಕೊಂದು ಸಿದ್ಧಾಂತವೂ ಇತ್ತು: ಮನಸ್ಸಿಲ್ಲದೆ ಗಡಿಯಾರ ನೋಡಿಕೊಂಡು ಮಾಡುವ ಪ್ರಾರ್ಥನೆ ಬೂಟಾಟಿಕೆ, ಮನಸ್ಸು ಬಂದಾಗ ಮಾಡಿದರೆ ಅದೇ ನಿಜವಾದದ್ದು. ಓದಿಕೊಂಡವರಿಗೆ ಇಂಥ ಸಿದ್ಧಾಂತಗಳು ಬಹಳ ಅನುಕೂಲ. ಮನಸ್ಸು ಬರೋದೇ ಇಲ್ಲ, ಹಾಗಾಗಿ ತಪ್ಪೂ ಇಲ್ಲ.

ತಮಾಷೆ ಏನು ಅಂದರೆ, ನಮ್ಮ ಸಭೆಯ ಬೇರು ಇರೋದೇ ಗಡಿಯಾರ ನೋಡಿಕೊಂಡು ಪ್ರಾರ್ಥಿಸಿದವರಲ್ಲಿ. 1729ರ ಹೊತ್ತಿಗೆ ಆಕ್ಸ್‌ಫರ್ಡಿನಲ್ಲಿ ಜಾನ್ ವೆಸ್ಲಿ, ಅವನ ತಮ್ಮ ಚಾರ್ಲ್ಸ್ ಮತ್ತೆ ಕೆಲವರು ಗೆಳೆಯರು ಹೊತ್ತು ಗೊತ್ತು ಮಾಡಿಕೊಂಡು ಓದುವುದು, ಪ್ರಾರ್ಥಿಸುವುದು, ಜೈಲಿನವರನ್ನು ನೋಡಲು ಹೋಗುವುದು ಶುರು ಮಾಡಿದರು. ಉಳಿದ ಹುಡುಗರು ಗೇಲಿಗೆ ಇವರಿಗೆ ‘ಮೆಥಡಿಸ್ಟ್’ ಅಂತ ಹೆಸರಿಟ್ಟರು. ಎಲ್ಲದಕ್ಕೂ ಒಂದು ಕ್ರಮ ಅನ್ನೋರು, ಟೈಮ್ ಟೇಬಲ್ ಭಕ್ತರು ಅನ್ನೋ ಅರ್ಥದಲ್ಲಿ. ಗೇಲಿಯ ಹೆಸರೇ ನಿಂತಿತು. ಅದೇ ವೆಸ್ಲಿಯನ್ ಮಿಷನ್ನಿನವರು 1830ರ ದಶಕದ ಕೊನೆಗೆ ಗುಬ್ಬಿಗೆ ಬಂದರು. ವಿಲಿಯಂ ಆರ್ಥರ್ ಅನ್ನೋ ಐರಿಷ್ ಹುಡುಗ 1839ರಲ್ಲಿ ಬಂದು ಗುಬ್ಬಿಯಲ್ಲಿದ್ದು ಕನ್ನಡ ಕಲಿತ. ಆರೋಗ್ಯ ಕೆಟ್ಟು ಎರಡೇ ವರ್ಷಕ್ಕೆ ವಾಪಸ್ ಹೋದ. 1847ರಲ್ಲಿ ಮೈಸೂರು ಸೀಮೆಯ ಮಿಷನ್ ಬಗ್ಗೆ ಅವನು ಬರೆದ ಪುಸ್ತಕ ಬಂತು. ಕ್ಲಾಸಿನಲ್ಲಿ ಇದನ್ನೆಲ್ಲ ಹುಡುಗರಿಗೆ ಹೇಳ್ತಿದ್ದೆ. ಮನೆಗೆ ಬಂದು ಚಾಪೆಯ ಮೇಲೆ ಕೂತ ಅತ್ತೆಯನ್ನು ನೋಡಿದಾಗ ಮಾತ್ರ ಎರಡನ್ನೂ ಜೋಡಿಸುತ್ತಿರಲಿಲ್ಲ.

ಅತ್ತೆಗೆ ಮರೆವು ಶುರುವಾಗಿ ಈಗ 5 ವರ್ಷ. ಮೊದಲು ಒಲೆ ಆರಿಸೋದು ಮರೆತರು, ಆಮೇಲೆ ದಾರಿ, ಆಮೇಲೆ ನಮ್ಮ ಹೆಸರುಗಳು. ಸೊಂಟದ ಶಕ್ತಿಯೂ ಹೋದಾಗ ನಾನು ಕೆಲಸ ಬಿಟ್ಟೆ. ‘ಬಿಟ್ಟೆ’ ಅಂತ ಬರೆಯೋದು ಸುಲಭ. ಯಜಮಾನರು ಬೆಳಗಿನ ಗಾಡಿಗೆ ತುಮಕೂರಿಗೆ ಹೋಗ್ತಾರೆ, ರಾತ್ರಿ ಬರ್ತಾರೆ. ಅವರ ಸಂಬಳ ಜಾಸ್ತಿ, ಹಾಗಾಗಿ ಕೆಲಸ ಬಿಡೋರು ಯಾರು ಅನ್ನೋ ಪ್ರಶ್ನೆಯೇ ನಮ್ಮ ಮನೆಯಲ್ಲಿ ಏಳಲಿಲ್ಲ. ನಾನೂ ಕೇಳಲಿಲ್ಲ. ಹುಣ್ಣಾಗದ ಹಾಗೆ 2 ಗಂಟೆಗೊಂದು ಸಲ ಮಗ್ಗುಲು ಬದಲಾಯಿಸಬೇಕು ಅಂತ ಡಾಕ್ಟರು ಹೇಳಿದ್ದರು. ಬದುಕೆಲ್ಲ ಆ 2 ಗಂಟೆಗಳ ತುಂಡುಗಳಾಯಿತು.

ಆಗ ನನಗೆ ಪ್ರಾರ್ಥನೆ ಬೇಕಾಯಿತು. ಭಕ್ತಿ ಬಂದು ಅಲ್ಲ, ತಲೆ ಕೆಡದೆ ಉಳಿಯೋಕೆ. ನಮ್ಮೂರಲ್ಲಿ ದಿನಾ ಒಂದು ಹೊತ್ತು ಸುಮ್ಮನೆ ಕೂರೋದು ಹೊಸ ವಿಷಯ ಏನಲ್ಲ. ಪಕ್ಕದ ಮನೆಯ ಅಕ್ಕ ಸ್ನಾನ ಮಾಡಿ ಇಷ್ಟಲಿಂಗ ಅಂಗೈ ಮೇಲಿಟ್ಟುಕೊಂಡು ಕೂತರೆ ಬಾಗಿಲಲ್ಲಿ ಯಾರು ನಿಂತರೂ ಕಣ್ಣು ತೆಗೆಯಲ್ಲ. ಊರೊಳಗೆ ಹೊಯ್ಸಳರ ಕಾಲದ, 12ನೇ ಶತಮಾನದ ಶಾಂತೀಶ್ವರ ಬಸದಿ ಇದೆ. ಜೈನರ ಸಾಮಾಯಿಕಕ್ಕೆ 48 ನಿಮಿಷ ಅಂತ ಲೆಕ್ಕವೇ ಇದೆ. ಅಷ್ಟು ಹೊತ್ತು ರಾಗದ್ವೇಷ ಬಿಟ್ಟು ಕೂರಬೇಕು. 48 ನಿಮಿಷ! ನಾನು 5 ನಿಮಿಷದಿಂದ ಶುರು ಮಾಡಿದೆ.

ಮೊದಲನೇ ವಾರದಲ್ಲೇ 3 ದಿನ ತಪ್ಪಿತು. ಅಲಾರಂ ಇಟ್ಟರೆ ಅಲಾರಂ ಆಫ್ ಮಾಡೋಕೆ ಫೋನ್ ಹಿಡಿದು, ಫೋನಿನಲ್ಲೇ ಅರ್ಧ ಗಂಟೆ ಕಳೆಯೋದು. ಕೊನೆಗೆ ಫೋನನ್ನು ರಾತ್ರಿಯೇ ರಾಗಿಹಿಟ್ಟಿನ ಡಬ್ಬದ ಹಿಂದೆ ಇಟ್ಟು ಮಲಗೋದು ಕಲಿತೆ. ಆಮೇಲೆ ಗೊತ್ತಾಗಿದ್ದು, ಪ್ರಾರ್ಥನೆಗೆ ‘ಬೆಳಿಗ್ಗೆ 5 ಗಂಟೆ’ ಅಂತ ಗುರಿ ಇಟ್ಟುಕೊಂಡರೆ ಆಗಲ್ಲ, ಈಗಾಗಲೇ ತಪ್ಪದೆ ಮಾಡೋ ಒಂದು ಕೆಲಸದ ಬಾಲಕ್ಕೆ ಕಟ್ಟಬೇಕು ಅಂತ. ನಾನು ಹಾಲು ಕಾಯಿಸಿ ಇಳಿಸಿದ ತಕ್ಷಣ ಅಂತ ಮಾಡಿಕೊಂಡೆ. ಹಾಲು ಇಳಿಸೋದು, ಕೋಣೆಗೆ ಹೋಗೋದು, ಬಾಗಿಲು ಹಾಕೋದು. ಅದೇ ಪ್ಲಾಸ್ಟಿಕ್ ಕುರ್ಚಿ, ಅದೇ ಕಿಟಕಿ. ಒಂದು ಕೀರ್ತನೆ ಓದಿ, ಸುಮ್ಮನೆ ಕೂತು, ನಿನ್ನೆಯ ದಿನವನ್ನು ಹಿಂದಕ್ಕೆ ತಿರುಗಿಸಿ ನೋಡೋದು: ಎಲ್ಲಿ ರೇಗಿದೆ, ಎಲ್ಲಿ ಯಾರೋ ಒಳ್ಳೇದು ಮಾಡಿದ್ದು ಕಾಣಲೇ ಇಲ್ಲ ಅಂತ. ಇದು ನನ್ನ ಕಲ್ಪನೆ ಅಲ್ಲ, 16ನೇ ಶತಮಾನದಲ್ಲಿ ಇಗ್ನೇಷಿಯಸ್ ಲೊಯೋಲಾ ತನ್ನವರಿಗೆ ಕಲಿಸಿದ ಅಭ್ಯಾಸ. ಕಥೋಲಿಕರದ್ದು ಅಂತ ಅತ್ತೆ ಒಪ್ಪುತ್ತಿದ್ದರೋ ಇಲ್ಲವೋ! ಆರು ತಿಂಗಳಲ್ಲಿ 5 ನಿಮಿಷ 20 ನಿಮಿಷ ಆಯಿತು. ಹೆಚ್ಚಿನ ದಿನ ಏನೂ ಅನ್ನಿಸುತ್ತಿರಲಿಲ್ಲ. ಸೊಳ್ಳೆ ಕಡಿಯೋದು, ಸಾರಿಗೆ ಬೇಳೆ ಇದೆಯಾ ಅಂತ ಯೋಚನೆ ಬರೋದು. ಆದರೂ ಕೂರ್ತಿದ್ದೆ. ನನ್ನ ಹಳೇ ಸಿದ್ಧಾಂತ ಅಲ್ಲೇ ಸತ್ತಿತು. ಮನಸ್ಸು ಬಂದ ಮೇಲೆ ಕೂರೋದಲ್ಲ, ದಿನಾ ಕೂತರೆ ಯಾವತ್ತೋ ಒಂದು ದಿನ ಮನಸ್ಸು ಬಂದಾಗ ನಾವು ಅಲ್ಲಿರ್ತೀವಿ, ಅಷ್ಟೇ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ. ಯಜಮಾನರು ಗಾಡಿಗೆ ಹೋಗಿಯಾಗಿತ್ತು. ನಾನು ಬಾಗಿಲು ಹಾಕಿಕೊಂಡು ಕೂತಿದ್ದೆ. ಅತ್ತೆ ಕರೆದರು. ‘ಯಾರಿದ್ದೀರಾ? ಯಾರವ್ವಾ ಅಲ್ಲಿ?’ ಇದು ಅವರು ದಿನಾ ಕರೆಯೋದು. ಹೋದರೆ ಏನೂ ಬೇಕಿರೋದಿಲ್ಲ, ಮುಖ ನೋಡಿ ಸುಮ್ಮನಾಗ್ತಾರೆ, ಈ ಕಡೆ ತಿರುಗಿದರೆ ಮತ್ತೆ ಕರೀತಾರೆ. ಅವತ್ತು ನಾನು ಏಳಲಿಲ್ಲ. ಈ 20 ನಿಮಿಷ ನನ್ನದು ಅಂದುಕೊಂಡೆ. ಇನ್ನೂ ನಿಜ ಹೇಳಬೇಕು ಅಂದರೆ, ಈ 20 ನಿಮಿಷ ದೇವರದ್ದು ಅಂದುಕೊಂಡೆ, ಹಾಗಂದುಕೊಂಡರೆ ಏಳದೇ ಇರೋದು ಸುಲಭ. ನಾಲ್ಕೈದು ಸಲ ಕರೆದು ಸುಮ್ಮನಾದರು. ಸುಮ್ಮನಾದದ್ದು ನನಗೆ ಹಿತವಾಗಿ ಕೂಡ ಅನ್ನಿಸಿತು. ಕೀರ್ತನೆ ಮುಗಿಸಿ ಎದ್ದು ಹೋಗಿ ನೋಡಿದರೆ ಮಂಚಕ್ಕೂ ಗೋಡೆಗೂ ನಡುವೆ ಗಾರೆ ನೆಲದ ಮೇಲೆ ಇದ್ದರು. ಇಳಿಯೋಕೆ ಹೋಗಿ ಜಾರಿದ್ದಾರೆ. ಸೀರೆ ಒದ್ದೆ. ನೆಲ ಆ ಚಳಿಗೆ ಐಸಿನ ಹಾಗಿತ್ತು. ಮೂಳೆಗೇನೂ ಆಗಿರಲಿಲ್ಲ. ಎತ್ತಿ ಕೂರಿಸುವಾಗ ನನ್ನ ಮುಖ ನೋಡಿ, ಒಂದಿಷ್ಟೂ ಸಿಟ್ಟಿಲ್ಲದೆ, ಕೇಳಿದರು: ‘ಪ್ರಾರ್ಥ್ನೆ ಆಯ್ತೇನವ್ವಾ?’

ಅವರಿಗೆ ನಾನು ಯಾರು ಅಂತ ಗೊತ್ತಿರಲಿಲ್ಲ ಆಗ. ಬಾಗಿಲು ಹಾಕಿಕೊಂಡ ಹೆಂಗಸು ಒಳಗೆ ಏನು ಮಾಡ್ತಿರ್ತಾಳೆ ಅನ್ನೋದು ಮಾತ್ರ ಗೊತ್ತಿತ್ತು.

ಮಾರನೇ ದಿನದಿಂದ ನಾನು ಕೂರೋದನ್ನೇ ಬಿಟ್ಟೆ. ಬಿಟ್ಟಿದ್ದಕ್ಕೆ ಬೆಂಬಲವಾಗಿ ಬೇಕಾದಷ್ಟು ಮಾತು ಸಿಗುತ್ತೆ. ನಮ್ಮ ಕಡೆಯವರಿಗೆ ಪುಂಡಲೀಕನ ಕಥೆ ಹೇಳಿಕೊಡಬೇಕಾ? ತಂದೆ ತಾಯಿಯ ಸೇವೆ ಮಾಡ್ತಿದ್ದವನು ಬಾಗಿಲಿಗೆ ಬಂದ ವಿಠಲನಿಗೆ ಒಂದು ಇಟ್ಟಿಗೆ ಎಸೆದು, ನಿಂತಿರು ಅಂದ. ದೇವರು ಇನ್ನೂ ನಿಂತೇ ಇದ್ದಾನೆ. ಆಯ್ದಕ್ಕಿ ಮಾರಯ್ಯನ ಮಾತಿನ ತಾತ್ಪರ್ಯವೂ ಅದೇ, ಕಾಯಕದಲ್ಲಿ ತೊಡಗಿದವನು ಗುರುವನ್ನೂ ಲಿಂಗಪೂಜೆಯನ್ನೂ ಮರೆಯಬೇಕು ಅನ್ನೋದು. ನಮ್ಮವರಲ್ಲೂ ಇದ್ದಾರೆ. ಜರ್ಮನಿಯ ಎಕ್‌ಹಾರ್ಟ್ ಅನ್ನೋ ಸಾಧು, 13-14ನೇ ಶತಮಾನದವನು, ನೀನು ಪೌಲನ ಹಾಗೆ ಪರವಶನಾಗಿದ್ದರೂ ಒಬ್ಬ ರೋಗಿಗೆ ಒಂದು ಬಟ್ಟಲು ಸೂಪು ಬೇಕು ಅಂತ ಗೊತ್ತಾದರೆ ಪರವಶತೆ ಬಿಟ್ಟು ಎದ್ದು ಹೋಗು, ಅದೇ ಮೇಲು ಅಂತ ಬೋಧಿಸಿದ. ಫ್ರಾನ್ಸಿನ ವಿನ್ಸೆಂಟ್ ಡಿ ಪೌಲ್ ತನ್ನ ಸಿಸ್ಟರುಗಳಿಗೆ, ಪ್ರಾರ್ಥನೆಯ ಮಧ್ಯೆ ಬಡವರು ಕರೆದರೆ ಹೋಗಿ, ಅದು ದೇವರಿಗೋಸ್ಕರ ದೇವರನ್ನು ಬಿಟ್ಟ ಹಾಗೆ ಅಂದಿದ್ದ. ಎಲ್ಲರೂ ನನ್ನ ವಿರುದ್ಧವೇ.

ಆದರೆ ಒಂದು ತಿಂಗಳಾದ ಮೇಲೆ ಯಜಮಾನರು ಊಟಕ್ಕೆ ಕೂತಾಗ ಹೇಳಿದರು, ‘ನೀನು ಬಾಗಿಲು ಹಾಕ್ಕೊಳ್ಳೋದು ಬಿಟ್ಟ ಮೇಲೆ ಅಮ್ಮನ ಮೇಲೆ ಜಾಸ್ತಿ ರೇಗ್ತೀಯ ಕಣೇ.’ ನಿಜ. ಅತ್ತೆಯನ್ನು ತಿರುಗಿಸುವಾಗ ನನ್ನ ಕೈ ಒರಟಾಗಿತ್ತು. ಕರೆದ ತಕ್ಷಣ ಹೋಗ್ತಿದ್ದೆ, ಆದರೆ ‘ಏನು?’ ಅಂತ ಕೇಳೋ ಧ್ವನಿ ನನಗೇ ಕೇಳಿಸೋ ಹಾಗಿರಲಿಲ್ಲ. ಸೂಪು ಕೊಂಡುಹೋಗು ಅಂದ ಎಕ್‌ಹಾರ್ಟ್, ಎಂಥ ಮುಖ ಮಾಡಿಕೊಂಡು ಕೊಡಬೇಕು ಅಂತ ಹೇಳಲಿಲ್ಲವಲ್ಲ. ಆ ಮಠದಲ್ಲಿ ಸೂಪು ಬೇಯಿಸಿದವರು ಯಾರೋ, ಅವರು ಅವತ್ತು ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತಿದ್ದರೋ, ಅದೂ ಗೊತ್ತಿಲ್ಲ.

ಯಜಮಾನರಿಗೆ ಅವತ್ತು ನಾನು ಉತ್ತರ ಕೊಡಲಿಲ್ಲ. ಒಳಗೆ ಮಾತ್ರ ಒಂದು ಪ್ರಶ್ನೆ ಎದ್ದಿತು. ಇವರೂ ಗಾಡಿಯಲ್ಲಿ ಕಿಟಕಿ ಪಕ್ಕ ಕೂತು ಕೀರ್ತನೆ ಓದ್ತಾರೆ. ಇವರ ಪ್ರಾರ್ಥನೆ ಯಾವತ್ತಾದರೂ ಅರ್ಧಕ್ಕೆ ನಿಂತಿದೆಯಾ? ಏಳಬೇಕೋ ಬೇಡವೋ ಅನ್ನೋ ಧರ್ಮಸಂಕಟ ನನಗೊಬ್ಬಳಿಗೇ ಯಾಕೆ ಬರುತ್ತೆ? ಕರೆಯೋರು ಅವರ ತಾಯಿ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ಇದೇ ತಕರಾರು ಇದೆ. ವಿಧವೆಯರಿಗೆ ಊಟ ಹಂಚೋದರಲ್ಲಿ ಲೋಪ ಆಗ್ತಿದೆ ಅಂತ ಗುಣುಗುಟ್ಟುವಿಕೆ ಎದ್ದಾಗ ಅಪೊಸ್ತಲರು ಪ್ರಾರ್ಥನೆಯನ್ನೂ ಬಿಡಲಿಲ್ಲ, ಊಟವನ್ನೂ ನಿಲ್ಲಿಸಲಿಲ್ಲ, ಆ ಕೆಲಸಕ್ಕೆ 7 ಜನರನ್ನು ನೇಮಿಸಿದರು. ನಮ್ಮಲ್ಲಿ ಇದನ್ನು ಸಭೆಯ ಸೇವಕರ ವಿಷಯ ಅಂತ ಮಾತ್ರ ಓದ್ತೀವಿ. ನನಗೆ ಅವತ್ತು ಮನೆಯ ವಿಷಯ ಅಂತ ಕಂಡಿತು. ಸುಸನ್ನ ವೆಸ್ಲಿ, ಜಾನ್ ವೆಸ್ಲಿಯ ತಾಯಿ, 19 ಮಕ್ಕಳನ್ನು ಹೆತ್ತವಳು. ತಲೆ ಮೇಲೆ ಏಪ್ರನ್ ಎಳೆದುಕೊಂಡರೆ ತಾಯಿ ಪ್ರಾರ್ಥನೆಯಲ್ಲಿದ್ದಾಳೆ, ಕರೆಯಬಾರದು ಅಂತ ಮಕ್ಕಳಿಗೆ ಗೊತ್ತಾಗ್ತಿತ್ತಂತೆ. ಭಕ್ತೆಯ ಉದಾಹರಣೆ ಅಂತ ಇದನ್ನು ಹೇಳ್ತಾರೆ. ಒಂದು ಕೋಣೆ ಕೂಡ ಸಿಗದ ಹೆಂಗಸಿನ ಕಥೆ ಅಂತಲೂ ಹೇಳಬಹುದು.

ಆಗ ನಾನು ಲೆಕ್ಕ ಇಟ್ಟಿದ್ದು. ಒಂದು ವಾರ, ಪ್ರತಿ ಕರೆಗೂ ಒಂದು ಗೀಟು, ಪಕ್ಕದಲ್ಲಿ ಒಂದು ಅಕ್ಷರ: ನೀರಿಗೆ ನೀ, ಬಚ್ಚಲಿಗೆ ಬ, ನೋವಿಗೆ ನೋ, ಏನೂ ಇಲ್ಲದಿದ್ದರೆ ಸೊನ್ನೆ. ವಾರದ ಕೊನೆಗೆ ನೋಡಿದರೆ ಹಾಳೆ ತುಂಬ ಸೊನ್ನೆ. ಮೊದಲು ಸಿಟ್ಟು ಬಂತು, ಸುಮ್ಮಸುಮ್ಮನೆ ಇಷ್ಟು ಸಲ ಎಬ್ಬಿಸಿದ್ದಾರಲ್ಲ ಅಂತ. ಆಮೇಲೆ ಇನ್ನೊಂದು ಕಂಡಿತು. ಸೊನ್ನೆಗಳೆಲ್ಲ ನಾನು ಕಣ್ಣಿಗೆ ಕಾಣದ ಹೊತ್ತಿನವು. ನಾನು ಅವರ ಕೋಣೆಯಲ್ಲೇ ಬಟ್ಟೆ ಮಡಿಸುತ್ತಾ ಕೂತ ಮಧ್ಯಾಹ್ನಗಳಲ್ಲಿ ಒಂದು ಗೀಟೂ ಇರಲಿಲ್ಲ. ಅವರು ಕೇಳ್ತಿದ್ದದ್ದು ನಿಜವಾಗಿಯೂ ಅದನ್ನೇ: ‘ಯಾರಿದ್ದೀರಾ?’

ಕುರ್ಚಿಯನ್ನು ಅವರ ಕೋಣೆಗೆ ತಂದೆ. ಬಾಗಿಲು ಹಾಕಿಕೊಂಡು ಪ್ರಾರ್ಥಿಸು ಅಂತ ಯೇಸು ಹೇಳಿದ್ದಾನಲ್ಲ ಅಂತ ನೀವು ಕೇಳಬಹುದು. ಮತ್ತಾಯನ 6ನೇ ಅಧ್ಯಾಯವನ್ನು ಮತ್ತೆ ಓದಿದೆ. ಅಲ್ಲಿ ಆತ ಬೈಯ್ತಿರೋದು ಬೀದಿ ಮೂಲೆಯಲ್ಲಿ ನಿಂತು ಜನ ನೋಡಲಿ ಅಂತ ಪ್ರಾರ್ಥಿಸೋರನ್ನು. ಬಾಗಿಲು ಹಾಕಬೇಕಾದ್ದು ನೋಡಿ ಮೆಚ್ಚೋರಿಗೆ, ಕರೆಯೋರಿಗೆ ಅಲ್ಲ. ಹೀಗೆ ನನಗೆ ಅನುಕೂಲವಾದ ಅರ್ಥ ಕಂಡುಕೊಂಡು ಸಮಾಧಾನದಿಂದ ಎರಡು ವಾರ ಕೂತೆ. ಅತ್ತೆ ಕರೆಯಲಿಲ್ಲ. ನನ್ನನ್ನೇ ನೋಡ್ತಾ ಮಲಗಿರ್ತಿದ್ದರು.

ಆದರೆ ಬಾಗಿಲಿಗೆ ಇನ್ನೊಂದು ಕೆಲಸವೂ ಇದೆ ಅಂತ ಆಗ ಗೊತ್ತಾಯಿತು. ಹಿಂದೆ ಬಾಗಿಲು ಹಾಕಿಕೊಂಡು ಕೂತಿದ್ದಾಗ ನಾನು ಒಂದಲ್ಲ, ಹಲವು ಸಲ ದೇವರಿಗೆ ಹೇಳಿದ್ದೆ: ‘ಇವರನ್ನು ಬೇಗ ಕರ್ಕೊಂಡುಬಿಡು.’ ಅವರ ನೋವು ನೋಡಲಾರದೆ ಹೇಳಿದ್ದೂ ಉಂಟು, ನನಗೆ ಸಾಕಾಗಿ ಹೇಳಿದ್ದೂ ಉಂಟು. ಯಾವುದು ಯಾವುದು ಅಂತ ನನಗೇ ಗೊತ್ತಿರಲಿಲ್ಲ. ಅವರ ಕಣ್ಣ ಮುಂದೆ ಕೂತು, ತುಟಿ ಅಲ್ಲಾಡಿಸದೆ ಕೂಡ, ಅದನ್ನು ಹೇಳೋಕೆ ಆಗಲ್ಲ. ಅಲ್ಲಿ ನನ್ನ ಪ್ರಾರ್ಥನೆ ಒಳ್ಳೇ ಸೊಸೆಯ ಪ್ರಾರ್ಥನೆ ಆಯಿತು. ನೋಡೋರು ಒಬ್ಬರಿದ್ದರೂ ಬೀದಿ ಮೂಲೆಯೇ! ಅದೂ ನನ್ನ ಹೆಸರೇ ಗೊತ್ತಿಲ್ಲದ ಒಬ್ಬರು. ದಿನಾ ಮಾಡೋ ಪ್ರಾರ್ಥನೆಯಲ್ಲಿ ಹೇಳಲೇಬೇಕಾದ ಕೆಟ್ಟ ಮಾತೊಂದು ಇರುತ್ತೆ. ಅದನ್ನು ಹೇಳದೆ ಬಿಟ್ಟರೆ ಅದು ಕೈಗೆ ಬರುತ್ತೆ, ಮಗ್ಗುಲು ತಿರುಗಿಸೋ ಕೈಗೆ.

ಹಾಗಾಗಿ ಯಜಮಾನರ ಹತ್ತಿರ ಮಾತಾಡಿದೆ. ಸುಲಭಕ್ಕೆ ಆಗಲಿಲ್ಲ. ‘ಬಂದಿರೋದೇ ರಾತ್ರಿ, ಸುಸ್ತಾಗಿರುತ್ತೆ’ ಅಂದರು. ‘ನಂಗೂ ಆಗಿರುತ್ತೆ ಕಣ್ರೀ’ ಅಂದೆ. ಎರಡು ದಿನ ಮಾತು ಬಿಟ್ಟು, ಮೂರನೇ ದಿನ ಅವರೇ ಊಟ ಆದಮೇಲೆ ಅತ್ತೆಯ ಮಂಚದ ಪಕ್ಕ ಹೋಗಿ ಕೂತರು. ಈಗ ರಾತ್ರಿ ಅರ್ಧ ಗಂಟೆ ಅವರದ್ದು. ಡಯಾಪರ್ ಬದಲಾಯಿಸೋದೂ ಕಲಿತಿದ್ದಾರೆ, ಟೇಪನ್ನು ಇನ್ನೂ ಓರೆಯಾಗೇ ಅಂಟಿಸ್ತಾರೆ. ಆ ಹೊತ್ತು ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂರ್ತೀನಿ. ಹೇಳಬಾರದ್ದನ್ನೆಲ್ಲ ಅಲ್ಲಿ ಹೇಳ್ತೀನಿ. ಸ್ಟೇಷನ್ನಿನ ಕಡೆಯಿಂದ ಗಾಡಿ ಕೂಗಿದರೆ ಏಳೋ ಹೊತ್ತು ಅಂತ ಲೆಕ್ಕ. ಒಳಗಿಂದ ಅತ್ತೆ ಕರೆಯೋದು ಕೇಳುತ್ತೆ, ಮಗ ‘ನಾನಿದ್ದೀನಮ್ಮಾ’ ಅನ್ನೋದೂ ಕೇಳುತ್ತೆ. ನಾನು ಏಳಲ್ಲ. ಮೊದಮೊದಲು ಎದ್ದುಬಿಡ್ತಿದ್ದೆ.

ಆ ಡಿಸೆಂಬರಿನ ಬೆಳಿಗ್ಗೆ ನಾನು ಮಾಡಿದ್ದು ತಪ್ಪಾ ಅಂತ ಕೇಳಿದರೆ ತಪ್ಪೇ. ಕರೆದಾಗ ಎದ್ದು ಹೋಗಿ ನೋಡೋಕೆ ಅರ್ಧ ನಿಮಿಷ ಸಾಕಿತ್ತು. ಅದಕ್ಕೆ ದೇವರ ಹೆಸರು ಅಡ್ಡ ಹಿಡಿದದ್ದು ಇನ್ನೂ ದೊಡ್ಡ ತಪ್ಪು. ಆದರೆ ಕೂರೋದನ್ನೇ ಬಿಟ್ಟಿದ್ದು ಪ್ರಾಯಶ್ಚಿತ್ತ ಅಂದುಕೊಂಡಿದ್ದೆನಲ್ಲ, ಅದನ್ನು ಮಾತ್ರ ಒಪ್ಪಲಾರೆ. ಅದರ ದಂಡ ಕಟ್ಟಿದ್ದು ಅತ್ತೆ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಬೆಳಿಗ್ಗೆ ಅವರ ಕೋಣೆಯಲ್ಲಿ ಕೂತು ಕೀರ್ತನೆ ಓದಿ ಮುಗಿಸಿ, ನಾನು ಕರ್ತನ ಪ್ರಾರ್ಥನೆಯನ್ನು ಗಟ್ಟಿಯಾಗಿ ಶುರು ಮಾಡಿದರೆ, ಅತ್ತೆ ಜೊತೆಗೆ ಹೇಳ್ತಾರೆ. ಮಗನ ಹೆಸರು ಬಾರದವರು, ಬೆಳಿಗ್ಗೆಯೋ ಸಂಜೆಯೋ ತಿಳಿಯದವರು, ಹಳೇ ಅನುವಾದದ ಪದಗಳನ್ನು ತಪ್ಪಿಲ್ಲದೆ ಹೇಳ್ತಾರೆ. ಚಿಕ್ಕಂದಿನಿಂದ ಬಾಯಿಪಾಠ ಆದದ್ದು ಮರೆವಿನ ಕಾಯಿಲೆಯಲ್ಲೂ ಬಹಳ ಕಾಲ ಉಳಿಯುತ್ತೆ ಅಂತ ಡಾಕ್ಟರು ಹೇಳಿದರು. ಇದು ಪ್ರಾರ್ಥನೆಯಾ, ಬರೀ ನಾಲಿಗೆಯ ಅಭ್ಯಾಸವಾ? ಮನಸ್ಸಿಲ್ಲದ ಪ್ರಾರ್ಥನೆ ಬೂಟಾಟಿಕೆ ಅಂತಿದ್ದ ಹಳೇ ಮೇಡಂಗೆ ಈ ಪ್ರಶ್ನೆ ಕೇಳಬೇಕಿತ್ತು. ಎಂಬತ್ತು ದಾಟಿದ ಈ ಜೀವ 60 ವರ್ಷ ಚಾಪೆಯ ಮೇಲೆ ಕೂತು ಕೂಡಿಟ್ಟದ್ದು ಅದೊಂದೇ, ಉಳಿದಿರೋದೂ ಅದೊಂದೇ. ಅದಕ್ಕೆ ‘ಬರೀ’ ಅನ್ನೋಕೆ ನನಗೆ ಬಾಯಿ ಬರಲ್ಲ.

ಇವತ್ತು ಬೆಳಿಗ್ಗೆ ಇಬ್ಬರೂ ಹೇಳ್ತಾ ಇದ್ದೆವು. ದಿನದ ಆಹಾರ ಕೇಳುವ ಸಾಲಿಗೆ ಬಂದು ಅತ್ತೆ ನಿಲ್ಲಿಸಿದರು. ಮುಂದಿನದು ಮರೆತರೇನೋ ಅಂತ ನಾನು ಎತ್ತಿಕೊಟ್ಟೆ. ಹೇಳಲಿಲ್ಲ. ನನ್ನ ಕಡೆ ತಿರುಗಿ, ‘ಕಾಫಿ ಆಯ್ತೇನವ್ವಾ?’ ಅಂದರು.

ಹಾಲು ಇಳಿಸಿ ಆಗಿತ್ತು. ಡಿಕಾಕ್ಷನ್ ಹಾಕೋಕೆ ಎದ್ದೆ.